ನೋವಿಳಿಸಲು ಅಮ್ಮಂದಿರಿಗೆ ಕಲಿಸುವ ಬತ್ತಿ ಅಕ್ಕ

ಬೆಳಕು ಇನ್ನೂ ಕಿಟಕಿಯ ಅಂಚಿನಲ್ಲೇ ನಿಂತು, ಒಳಗೆ ಬರಲೋ ಬೇಡವೋ ಎಂದು ಇಣುಕುತ್ತಿದೆ. ಮೂರನೇ ಮಹಡಿಯ ಒಂದೂವರೆ ಕೋಣೆಯ ಮನೆ. ಅಡುಗೆ ಕಟ್ಟೆಯ ನಲ್ಲಿಯ ಕೆಳಗೆ ಐವತ್ತು ದಾಟಿದ ನರ್ಸ್ ಒಬ್ಬರು ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾರೆ. ಪಕ್ಕದ ಸ್ಟೀಲ್ ಲೋಟದ ತಣ್ಣೀರಿನಲ್ಲಿ, ಕವಚ ಬಿಚ್ಚದ ಪುಟ್ಟ ಔಷಧವೊಂದು ಮುಳುಗಿದೆ. ಕಿರುಬೆರಳಿನಷ್ಟು ದಪ್ಪ, ಒಂದು ತುದಿ ಮೊನಚು. ಸೆಕೆಗೆ ಮೆತ್ತಗಾಗಿರುವ ಅದು ಗಟ್ಟಿಯಾಗಲೆಂದು ಅವರು ಕಾಯುತ್ತಿದ್ದಾರೆ.

"ಗಿಣಿಮರಿ, ಎಡಗಡೆ ತಿರುಗ್ತೀಯಾ? ಮೇಲಿನ ಕಾಲು ಮಡಚು. ನೀನು ಹೂಂ ಅಂದ ಮೇಲೇನೇ ಇಡೋದು."

ಹಾಸಿಗೆಯಲ್ಲಿರುವ ಆರು ವರ್ಷದ ಹುಡುಗಿ ಗಂಟಲು ದಪ್ಪ ಮಾಡಿಕೊಂಡು, ದೊಡ್ಡಾಸ್ಪತ್ರೆಯ ಡಾಕ್ಟರ ಧ್ವನಿಯಲ್ಲಿ "ಹೂಂ... ನೋಡೋಣ, ನೋಡೋಣ" ಎನ್ನುತ್ತಾಳೆ. ಕಂಡವರನ್ನೆಲ್ಲ ಅಣಕಿಸುವುದಕ್ಕೇ ಅವಳಿಗೆ ಗಿಣಿ ಎಂಬ ಹೆಸರು. ತಲೆಯೊಳಗೆ ಬೆಳೆದ ಗಡ್ಡೆಗೆ ಇನ್ನು ಮದ್ದಿಲ್ಲವೆಂದು ಅದೇ ಡಾಕ್ಟರು ಅವಳನ್ನು ಮನೆಗೆ ಕಳಿಸಿದ್ದಾರೆ. ಬಾಯಿಗೆ ಹಾಕಿದ್ದೆಲ್ಲ ವಾಂತಿಯಾಗುವುದರಿಂದ ನೋವಿನ ಔಷಧ ಈಗ ಹಿಂದಿನ ದಾರಿ ಹಿಡಿದಿದೆ.

ನಮ್ಮ ಮಾತಿನಲ್ಲಿ ಬತ್ತಿ ಇಡುವವರಿಗೆ ಒಳ್ಳೆಯ ಹೆಸರಿಲ್ಲ. ಆಫೀಸಿನಲ್ಲಿ ಒಬ್ಬರ ಮೇಲೊಬ್ಬರಿಗೆ ಬತ್ತಿ ಇಟ್ಟು ತಮಾಷೆ ನೋಡುವವರನ್ನು ಎಲ್ಲರೂ ಬಲ್ಲೆವು. ಈ ನರ್ಸಮ್ಮ ಮಾತ್ರ ಬತ್ತಿ ಇಟ್ಟೇ ಹೆಸರಾದವರು. ಔಷಧದ ಅಂಗಡಿಯವರು ಸಪೋಸಿಟರಿ ಎನ್ನುವುದನ್ನು ಮನೆಗಳಲ್ಲಿ ಬತ್ತಿ ಎನ್ನುತ್ತಾರೆ. ಹೀಗಾಗಿ ಇವರು ಬತ್ತಿ ಅಕ್ಕ. "ಹಿಂಬಾಗಿಲಿಂದ ಕೆಲಸ ಮಾಡಿಸ್ಕೊಳ್ಳೋರು ಊರ ತುಂಬ ಇದಾರೆ. ಹಿಂಬಾಗಿಲಿಂದ ಒಳ್ಳೇದು ಮಾಡೋಳು ನಾನೊಬ್ಬಳೇ" ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ನಗದೆ ಈ ಕೆಲಸ ಆಗುವುದಿಲ್ಲ.

ಮಕ್ಕಳ ವಾರ್ಡಿನಲ್ಲಿ ಹರೆಯ ಸವೆಸಿದ ಮೇಲೆ ಬತ್ತಿ ಅಕ್ಕ, ಗುಣವಾಗದ ಮಕ್ಕಳ ಮನೆಗೆ ಹೋಗಿ ನೋಡಿಕೊಳ್ಳುವ ಆಸ್ಪತ್ರೆಯ ಸಣ್ಣ ತಂಡಕ್ಕೆ ಸೇರಿದ್ದಾರೆ. ದಿನಕ್ಕೆ ನಾಲ್ಕೈದು ಮನೆ. ಲಿಫ್ಟ್ ಇರುವ ಕಟ್ಟಡಗಳಲ್ಲಿ ಮಕ್ಕಳಿಗೆ ಕಾಯಿಲೆಯೇ ಬರುವುದಿಲ್ಲವೇನೋ ಎಂದು ಅವರ ಮೊಣಕಾಲಿಗೆ ಅನುಮಾನ. ಬ್ಯಾಗಿನಲ್ಲಿ ದಿಂಬಿನ ಹಳೇ ಚೀಲದಿಂದ ಹೊಲಿದ ಬೊಂಬೆಯೊಂದಿದೆ. ಅದರ ಹಿಂದೆ, ಎಲ್ಲಿರಬೇಕೋ ಅಲ್ಲಿ, ಅಂಗಿಯ ಗುಂಡಿಗೆ ಮಾಡುವಂಥ ಕಾಜಾ ಹೊಲಿದಿದ್ದಾರೆ. ಅದನ್ನು ಕಂಡ ತಾಯಂದಿರು ಮೊದಲು ಸೆರಗು ಬಾಯಿಗೊತ್ತಿಕೊಂಡು ನಗುತ್ತಾರೆ. ನಕ್ಕ ಮೇಲೆ ಕೈಯ ನಡುಕ ಅರ್ಧ ಇಳಿದಿರುತ್ತದೆ. ಆಗ ಪಾಠ ಶುರು.

"ಉಗುರು ಕತ್ತರಿಸಿರಬೇಕು. ಕವಚ ಪೂರ್ತಿ ಬಿಚ್ಚಬೇಕು. ನಗಬೇಡಿ, ಕವಚದ ಸಮೇತ ಇಟ್ಟೋರನ್ನ ನೋಡಿದೀನಿ. ತುದಿಗೆ ಒಂದು ಹನಿ ನೀರು. ಮೊನಚು ಮುಂದೆ. ಮೆಲ್ಲಗೆ ಒಳಗೆ ಹೋದ ಮೇಲೆ ಎರಡೂ ಕಡೆ ಸೇರಿಸಿ ಸ್ವಲ್ಪ ಹೊತ್ತು ಹಿಡ್ಕೊಳ್ಳಿ, ಇಲ್ಲಾಂದ್ರೆ ಬಂದ ದಾರೀಲೇ ಜಾರ್ಕೊಂಡು ಬರುತ್ತೆ. ಅರ್ಧ ಕರಗಿ ಬಂದ್ರೆ ಇನ್ನೊಂದು ಇಡಬೇಡಿ. ಮೊದಲು ನನ್ನ ಕೇಳಿ."

ಎಷ್ಟು ಪ್ರಮಾಣ ಎನ್ನುವುದು ಮಗುವಿನ ತೂಕ ನೋಡಿ ಡಾಕ್ಟರು ಹೇಳಬೇಕು; ದೊಡ್ಡವರದನ್ನು ಕತ್ತರಿಸಿ ಮಕ್ಕಳಿಗೆ ಇಡುವಂತಿಲ್ಲ. ಭೇದಿಯಾಗುತ್ತಿದ್ದರೆ, ಆ ಜಾಗದಲ್ಲಿ ಗಾಯವೋ ರಕ್ತವೋ ಇದ್ದರೆ, ರಕ್ತ ಪರೀಕ್ಷೆಯಲ್ಲಿ ಕಣಗಳು ತೀರಾ ಇಳಿದಿದ್ದರೆ ಬತ್ತಿ ಅಕ್ಕನೇ ಡಬ್ಬಿ ಮುಚ್ಚಿ ಡಾಕ್ಟರಿಗೆ ಫೋನ್ ಮಾಡುತ್ತಾರೆ.

ಇಷ್ಟು ಮಾಡಿದವರನ್ನು ಯಾರೂ ಮನೆಗೆ ಊಟಕ್ಕೆ ಕರೆಯುವುದಿಲ್ಲ. ಮಾರುಕಟ್ಟೆಯಲ್ಲಿ ಎದುರಾದ ತಾಯಂದಿರು ಇವರನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾರೆ. "ಬೇಜಾರಿಲ್ಲ. ನನ್ನ ಮುಖ ನೋಡಿದ್ರೆ ಅವರಿಗೆ ಮಗುವಿನ ಕೊನೇ ವಾರ ನೆನಪಾಗುತ್ತೆ. ನಾನೂ ತರಕಾರಿ ಕಡೆ ತಿರುಗಿ ನಿಲ್ತೀನಿ, ಅವರು ದಾಟೋವರೆಗೂ" ಎನ್ನುತ್ತಾರೆ ಬತ್ತಿ ಅಕ್ಕ.

ಗಿಣಿಯ ಅಮ್ಮ ಬಟ್ಟೆ ಇಸ್ತ್ರಿ ಮಾಡುವವಳು. ಅಪ್ಪ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿ ಹಿಟ್ಟು ನಾದುತ್ತಾನೆ. ಅಮ್ಮ ಎರಡೇ ದಿನದಲ್ಲಿ ಪಾಠ ಕಲಿತಿದ್ದಾಳೆ. ಮಗಳು ನೋವಿಗೆ ಎಚ್ಚರಾಗುವ ಹೊತ್ತು ಅವಳಿಗೆ ಗೊತ್ತು. ಬೆಳಗಿನ ಜಾವ ಬತ್ತಿ ಇಟ್ಟು, ರಾತ್ರಿಯೆಲ್ಲ ತೆರೆದಿದ್ದ ಕಣ್ಣನ್ನು ಒಂದಿಷ್ಟು ಮುಚ್ಚುತ್ತಾಳೆ. ಎಲ್ಲ ಸರಿಯಾಗಿದೆ ಎಂದೇ ಬತ್ತಿ ಅಕ್ಕ ತಿಳಿದಿದ್ದರು. ಇವತ್ತಿನ ಬತ್ತಿ ತಾವೇ ಇಡುವುದಾಗಿ ಬೇಗ ಬಂದವರು ದಿಂಬು ಸರಿಪಡಿಸಲು ಬಾಗಿದಾಗ ಮೂಗಿಗೆ ಸ್ಟ್ರಾಬೆರಿ ವಾಸನೆ ಬಡಿಯುತ್ತದೆ. ದಿಂಬಿನ ಮೇಲೆ ನಿನ್ನೆಯ, ಒಣಗಿದ ಗುಲಾಬಿ ಬಣ್ಣದ ವಾಂತಿ.

"ಇದೇನು?"

ಆಗಷ್ಟೇ ಒಳಗೆ ಬಂದ ಅಪ್ಪ ತೋಳಿಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಕಪಾಟಿನ ಮೇಲಿನ ಸಿರಪ್ ಬಾಟಲಿ ತೋರಿಸುತ್ತಾನೆ. "ನಾನು ಬರೋ ಹೊತ್ತಿಗೆ ನರಳ್ತಾ ಇರ್ತಾಳೆ ಅಕ್ಕ. ಇವಳು ಮಲಗಿರ್ತಾಳೆ. ಪಾಪ, ಯಾಕೆ ಎಬ್ಬಿಸೋದು ಅಂತ ಒಂದು ಚಮಚ ಕೊಡ್ತೀನಿ. ದಿನಾ."

ಬತ್ತಿ ಅಕ್ಕ ಬಾಟಲಿ ಕೆಳಗಿಳಿಸಿ ಅದರ ಮೇಲಿನ ಚೀಟಿ ಓದುತ್ತಾರೆ. "ಅಷ್ಟು ಹೊತ್ತಿಗೆ ಇವಳು ಬತ್ತಿ ಇಟ್ಟಿರ್ತಾಳೆ ಅಂತ ನಿನಗೆ ಗೊತ್ತಿರಲಿಲ್ವಾ?"

ಗಂಡ ಹೆಂಡತಿಯ ಮುಖ ನೋಡುತ್ತಾನೆ. ಅವಳು ಗೋಡೆ ನೋಡುತ್ತಾಳೆ. "ಏನಂತ ಹೇಳ್ಲಿ ಅಕ್ಕ? ಮಗಳಿಗೆ ಅಲ್ಲಿ ಔಷಧಿ ಇಟ್ಟೆ ಅಂತ ಗಂಡಸರ ಹತ್ರ ಹೇಳೋಕಾಗುತ್ತಾ?"

"ನಾಚಿಕೆ ನಿಮ್ಮಿಬ್ಬರದು, ಲಿವರ್ ಅವಳದು" ಎನ್ನುತ್ತಾರೆ ಬತ್ತಿ ಅಕ್ಕ. ಧ್ವನಿ ಏರುವುದಿಲ್ಲ, ಅದೇ ಇನ್ನೂ ಚುಚ್ಚುತ್ತದೆ. "ಬಾಟ್ಲೀಲಿರೋದೂ ಪ್ಯಾರಾಸಿಟಮಾಲ್, ಬತ್ತೀಲಿರೋದೂ ಪ್ಯಾರಾಸಿಟಮಾಲ್. ಅಂಗಿ ಬೇರೆ, ಆಸಾಮಿ ಒಬ್ಬನೇ. ಎರಡೂ ಸೇರಿದ್ರೆ ಅವಳು ತಡೆಯಲ್ಲ ಕಣಪ್ಪ."

ಡಾಕ್ಟರಿಗೆ ಫೋನ್ ಹೋಗುತ್ತದೆ. ಇವತ್ತಿನ ಬತ್ತಿ ಲೋಟದಲ್ಲೇ ಉಳಿಯುತ್ತದೆ. ರಕ್ತ ಪರೀಕ್ಷೆಗೆಂದು ಮಗುವನ್ನು ಹೊತ್ತು ಮೂರು ಮಹಡಿ ಇಳಿಯುತ್ತಾನೆ ಅಪ್ಪ. ಕುಡಿಸಿದ್ದರಲ್ಲಿ ಬಹುಪಾಲು ವಾಂತಿಯಾಗಿ ಹೋಗಿತ್ತೋ ಏನೋ, ಲಿವರಿಗೆ ಪೆಟ್ಟಾಗಿಲ್ಲ. ಆದರೆ ಡಾಕ್ಟರು ಖಡಾಖಂಡಿತ: ಇನ್ನೊಂದು ಸಲ ಹೀಗಾದರೆ ಮಗು ವಾರ್ಡಿಗೆ ಬರಬೇಕು.

ವಾರ್ಡ್ ಎಂದರೆ ಗಿಣಿ ಬಾಯಿ ಬಿಗಿಯುತ್ತಾಳೆ. ಅಲ್ಲಿ ರಾತ್ರಿ ಒಬ್ಬರಿಗೆ ಮಾತ್ರ ಜೊತೆಗಿರಲು ಬಿಡುತ್ತಾರೆ. ಅವಳಿಗೆ ಇಬ್ಬರೂ ಬೇಕು.

ಸಂಜೆ ಬತ್ತಿ ಅಕ್ಕ ಮತ್ತೆ ಮೆಟ್ಟಿಲು ಹತ್ತುತ್ತಾರೆ. ಸಿರಪ್ ಬಾಟಲಿಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡು ಇಬ್ಬರನ್ನೂ ಎದುರು ಕೂರಿಸಿಕೊಳ್ಳುತ್ತಾರೆ. "ಔಷಧಿಗೆ ಮನೇಲಿ ಒಂದೇ ಕೈ. ಅದು ಅಮ್ಮಂದು. ಇಟ್ಟ ತಕ್ಷಣ ಬಾಯಿಬಿಟ್ಟು ಹೇಳಬೇಕು, ಇಟ್ಟಿದೀನಿ ಅಂತ. ಮಲಗಿರೋ ಗಂಡನ್ನ ಎಬ್ಬಿಸಿ ಆದ್ರೂ ಸರಿ, ಕಾರ್ಖಾನೆಗೆ ಫೋನ್ ಮಾಡಿ ಆದ್ರೂ ಸರಿ."

"ಹಂಗಾದ್ರೆ ನಾನು?" ಅಪ್ಪ ಕೇಳುತ್ತಾನೆ. "ಸುಮ್ನೆ ಕೂತು ನೋಡ್ಲಾ?"

"ಹೂಂ, ಸುಮ್ನೆ ಕೂರೋದೇ ನಿನ್ನ ಕೆಲಸ. ಅದು ಕರಗಬೇಕು, ಮೈಗೆ ಏರಬೇಕು. ಅರ್ಧ ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ನೀನು ಬರೋದು ಸರಿಯಾಗಿ ಆ ನಡುವೆ. ಆ ಹೊತ್ತು ನಿಂದು."

"ಅವಳು ನರಳ್ತಿದ್ರೆ ಕೈ ಸುಮ್ನಿರಲ್ಲ ಅಕ್ಕ."

"ಕೈಗೆ ಕೆಲಸ ಕೊಡು. ಬಾಟ್ಲಿ ಮಾತ್ರ ಬೇಡ. ಹೊತ್ತು ಮೀರಿದ್ರೂ ಕಮ್ಮಿ ಆಗ್ಲಿಲ್ಲ ಅಂದ್ರೆ ನನಗೆ ಫೋನ್ ಮಾಡು. ದೊಡ್ಡ ನೋವಿಗೆ ಬೇರೆ ಮದ್ದಿದೆ, ಡಾಕ್ಟರ್ ಬರೆದುಕೊಡ್ತಾರೆ."

ಡಾಕ್ಟರು ಮತ್ತೆ ಶುರು ಮಾಡಬಹುದು ಎಂದ ದಿನ ಬೆಳಗಾಗುವ ಮೊದಲೇ ಬತ್ತಿ ಅಕ್ಕ ಬಂದು ಬಾಗಿಲ ಬಳಿ ಕೂತಿದ್ದಾರೆ. ಅಮ್ಮ ಕೈ ತೊಳೆದು, ಮಗಳನ್ನು ಕೇಳಿ, ಬತ್ತಿ ಇಡುತ್ತಾಳೆ. ಅಪ್ಪ ಬಂದವನೇ ಹಾಸಿಗೆಯ ಕಾಲ್ಬದಿಗೆ ಕೂರುತ್ತಾನೆ. "ಇಟ್ಟಿದೀನಿ" ಎನ್ನುತ್ತಾಳೆ ಅಮ್ಮ, ಗಂಡನ ಮುಖ ನೋಡಿಯೇ. ಮಗು ನರಳುತ್ತದೆ. ಅಪ್ಪನ ಕಣ್ಣು ಖಾಲಿ ಕಪಾಟಿನತ್ತ ಹೋಗಿ ಬರುತ್ತದೆ. ಅವನು ಎದ್ದು ನಿಲ್ಲುತ್ತಾನೆ, ಕೂರುತ್ತಾನೆ. ಕೊನೆಗೆ ಅವಳ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಹೆಬ್ಬೆರಳಿಂದ ಮೆಲ್ಲಗೆ ನಾದತೊಡಗುತ್ತಾನೆ; ಅವನಿಗೆ ಬರುವ ಕೆಲಸ ಅದೊಂದೇ. ಬಾಗಿಲ ಬಳಿ ಬತ್ತಿ ಅಕ್ಕ ತಮ್ಮ ಮೊಣಕಾಲನ್ನು ತಾವೇ ಹಿಸುಕಿಕೊಳ್ಳುತ್ತಾರೆ. ಮಗುವಿನ ಅಳು ಕೇಳುತ್ತ ಏನೂ ಮಾಡದೆ ಕೂರುವುದು ಇವರಿಗೂ ಇಷ್ಟು ವರ್ಷಕ್ಕೂ ಒಗ್ಗಿಲ್ಲ.

ಬೀದಿಯಲ್ಲಿ ಹಾಲಿನ ಗಾಡಿ ಬಂದು ಹೋಗುತ್ತದೆ. ನರಳಾಟ ಬಿಡಿಬಿಡಿಯಾಗಿ, ಉಸಿರು ಉದ್ದವಾಗುತ್ತದೆ. ಆಮೇಲೆ ಹಾಸಿಗೆಯಿಂದ, ಗಿಣಿಯ ಬಾಯಲ್ಲಿ, ಅಪ್ಪ ಆಗಾಗ ಮನೆಯಲ್ಲಿ ಆಡಿ ತೋರಿಸುವ ಕಾರ್ಖಾನೆಯ ಮೇಸ್ತ್ರಿಯ ಗೊಗ್ಗರು ಧ್ವನಿ: "ಏಯ್, ಹಿಟ್ಟು ಸಾಕಾಯ್ತು. ಒಲೆಗೆ ಹಾಕೋ."

ಅಪ್ಪ ನಗುತ್ತಾನೆ. ನಗುತ್ತ ನಗುತ್ತಲೇ ಅವನ ಹೆಗಲು ಅಲುಗುತ್ತದೆ. ಅಮ್ಮ ಅವನ ಬೆನ್ನ ಮೇಲೆ ಕೈಯಿಡುತ್ತಾಳೆ.

ಗಿಣಿ ಆಮೇಲೆ ಕೆಲವೇ ವಾರ ಇರುತ್ತಾಳೆ. ಮೊದಲು ಡಾಕ್ಟರ ಧ್ವನಿ ಹೋಗುತ್ತದೆ, ಆಮೇಲೆ ಮೇಸ್ತ್ರಿಯದು, ಕೊನೆಗೆ ಅವಳದೇ. ದೊಡ್ಡ ನೋವಿಗೆಂದು ಡಾಕ್ಟರು ಬರೆದುಕೊಟ್ಟ ಔಷಧದ ಪಟ್ಟಿಯನ್ನು ಬೆನ್ನಿಗೆ ಅಂಟಿಸಿದ್ದಾರೆ. ಜೊತೆಗೆ ಅಮ್ಮನ ಕೈಯ ಬತ್ತಿ, ಅಪ್ಪನ ಕಾಯುವಿಕೆ. ವಾರ್ಡಿನ ಮಾತು ಮತ್ತೆ ಏಳುವುದಿಲ್ಲ.

ಎಲ್ಲ ಮುಗಿದ ಮೇಲೆ ಬತ್ತಿ ಅಕ್ಕ ಉಳಿದ ಔಷಧ ವಾಪಸು ತರಲು ಹೋಗುತ್ತಾರೆ. ಬೇರೆ ಮಕ್ಕಳ ಕೈಗೆ ಸಿಗುವ ಹಾಗೆ ಅದನ್ನು ಮನೆಯಲ್ಲಿ ಬಿಡುವಂತಿಲ್ಲ. ಅಮ್ಮ ಡಬ್ಬಿ ತಂದು ಕೈಗಿಡುತ್ತಾಳೆ. "ಕೊನೇ ದಿನ ನನ್ನ ಕೈ ನಡುಗಲಿಲ್ಲ ಅಕ್ಕ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ.

ಅಪ್ಪ ಮೆಟ್ಟಿಲವರೆಗೆ ಬರುತ್ತಾನೆ. "ಅವತ್ತೂ ಕಾದೆ. ಕಮ್ಮಿ ಆಯ್ತು. ಆಮೇಲೆ ಮಲಗಿದ್ಲು. ಇಬ್ಬರೂ ಪಕ್ಕದಲ್ಲೇ ಇದ್ವಿ."

ಬತ್ತಿ ಅಕ್ಕ ಅವನ ಹಿಟ್ಟಿನ ತೋಳು ಒಮ್ಮೆ ಹಿಡಿದು ಬಿಡುತ್ತಾರೆ. ಇನ್ನೊಂದು ಮನೆಗೆ ಹೊತ್ತಾಗಿದೆ. ಬಿರುದು, ಸನ್ಮಾನದ ಮಾತೆತ್ತಿದರೆ ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಾರೆ. ಹೆಮ್ಮೆ ಎನ್ನುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರೆ ಒಂದು ಮೆಟ್ಟಿಲು ಇಳಿದು, ರೇಲಿಂಗ್ ಹಿಡಿದು ನಿಲ್ಲುತ್ತಾರೆ.

"ಆ ಮಗು ನೋವಲ್ಲಿ ಹೋಗಲಿಲ್ಲ. ಅವಳ ಮನೇಲೇ ಇದ್ಲು. ಅಷ್ಟು ಮಾಡಿದ್ವಿ, ನಾವು ಮೂರು ಜನ."