ಪಕ್ಕದಿಂದೊಂದು ನೂಕು

ಬೆಳಗಿನ ಕೆಲಸಗಳಿಗೆ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಹಾಲು ಒಲೆಗೆ ಇಡಬೇಕು, ಬಾಗಿಲಿಗೆ ನೀರು ಹಾಕಿ ಪುಟ್ಟದೊಂದು ರಂಗೋಲಿ ಬಿಡಬೇಕು, ಮಾವನವರಿಗೆ ಮೊದಲ ಮಾತ್ರೆ ಕೊಡಬೇಕು, ಆಮೇಲೆ ಜೇಡರ ಬಲೆ ತೆಗೆಯುವ ಉದ್ದ ಕೋಲು ತಂದು ಹಾಲ್‌ನ ಫ್ಯಾನಿನ ರೆಕ್ಕೆಯನ್ನು ಮೆಲ್ಲಗೆ ನೂಕಬೇಕು. ಕೊನೆಯ ಕೆಲಸ ಕೇಳಿ ನೀವು ನಗಬಹುದು. ಆದರೆ ಸ್ವಿಚ್ ಹಾಕಿದರೆ ಗುಂಯ್ ಎಂದು ನಿಂತಲ್ಲೇ ಅದುರುವ, ಒಮ್ಮೆ ನೂಕಿಬಿಟ್ಟರೆ ದಿನವಿಡೀ ತಕರಾರಿಲ್ಲದೆ ತಿರುಗುವ ಫ್ಯಾನೊಂದು ನಿಮ್ಮ ಮನೆಯಲ್ಲೂ ಇದ್ದಿದ್ದರೆ, ಅದನ್ನು ಸರಿಮಾಡಿಸುವುದಕ್ಕಿಂತ ನೂಕುವುದೇ ಸುಲಭವೆಂದು ನೀವೂ ಹೊಂದಿಕೊಂಡುಬಿಡುತ್ತಿದ್ದಿರಿ. ಮನೆ ನಡೆಸುವುದೆಂದರೆ ಅರ್ಧ ಭಾಗ ಇಂಥ ಹೊಂದಾಣಿಕೆಗಳೇ ಅಲ್ಲವೇ?

ಮೊನ್ನೆ ಎರಡನೇ ಶನಿವಾರ ಅವಸರದಲ್ಲಿದ್ದೆ. ಕೋಲನ್ನು ಯಾವ ಕಡೆಯಿಂದ ತಾಗಿಸಿದೆನೋ ಗಮನಿಸಲಿಲ್ಲ. ಫ್ಯಾನು ತಿರುಗಿತು, ನಾನು ಒಳಗೆ ಹೋಗಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದೆ. ಅಷ್ಟರಲ್ಲಿ ಕುರ್ಚಿಯಿಂದ ಮಾವನವರ ದನಿ ಬಂತು.

"ಏನಮ್ಮ, ಫ್ಯಾನೇನೋ ತಿರುಗ್ತಿದೆ. ಗಾಳಿ ಮಾತ್ರ ಮಹಡಿ ಮೇಲಿನವರಿಗೆ ಹೋಗ್ತಿದೆಯಲ್ಲ?"

ಬಂದು ನೋಡಿದರೆ ನಿಜ. ಟೀಪಾಯಿಯ ಮೇಲಿನ ಪೇಪರು ಒಂದಿಷ್ಟೂ ಅಲುಗುತ್ತಿಲ್ಲ.

"ಉಲ್ಟಾ ನೂಕಿದೀಯ. ಅದಕ್ಕೇನು ಗೊತ್ತು ಪಾಪ, ನೂಕಿದ ಕಡೆ ಹೋಗುತ್ತೆ. ದಿಕ್ಕು ಹೇಳೋದು ಕಂಡೆನ್ಸರ್. ಅದು ಸತ್ತು ಎಷ್ಟು ದಿನ ಆಯ್ತೋ."

ನಮ್ಮ ಮಾವ ರುದ್ರಪ್ಪನವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ಪುಸ್ತಕಗಳು ಕೆಪ್ಯಾಸಿಟರ್ ಎನ್ನುವುದನ್ನು ಅವರ ಕಾಲದವರೆಲ್ಲ ಕಂಡೆನ್ಸರ್ ಎಂದೇ ಕರೆಯುತ್ತಾರೆ. ಅಂಗಡಿಯಲ್ಲೂ ಹಾಗೆ ಕೇಳಿದರೇ ಬೇಗ ಸಿಗುತ್ತದೆ. ಈಗ ಅವರಿಗೆ ಪಾರ್ಕಿನ್ಸನ್. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ, ಆದರೆ ಅವರನ್ನು ಹೆಚ್ಚು ಕಾಡುವುದು ಕಾಲು. ನಡೆಯುತ್ತಾ ನಡೆಯುತ್ತಾ ಹೊಸ್ತಿಲು ಬಂದರೆ, ಕಿರಿದಾದ ಬಾಗಿಲು ಬಂದರೆ, ಎದುರಿಗೆ ಯಾರಾದರೂ ನಿಂತರೆ, ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಮನಸ್ಸು ಮುಂದೆ ಹೋಗಿರುತ್ತದೆ, ಮಂಡಿ ಅದುರುತ್ತಿರುತ್ತದೆ, ಪಾದ ಮಾತ್ರ ಏಳುವುದಿಲ್ಲ. ಒಂದು ಹೆಜ್ಜೆ ಕಿತ್ತುಬಿಟ್ಟರೆ ಮುಂದಿನದೆಲ್ಲ ತಾನಾಗಿ ಬರುತ್ತದೆ.

ಆ ದಿನ ಭದ್ರಾವತಿಯಲ್ಲಿ, ಅವರ ಹಳೆಯ ಜೊತೆಗಾರ ಆರುಮುಗಂ ಅವರ ಮನೆಯಲ್ಲಿ ಊಟ. ತಂತಿ ಸುತ್ತುತ್ತಿದ್ದ ಹಳಬರೆಲ್ಲ ಸೇರುವವರಿದ್ದರು. ಮಾವ ಮನೆಯಿಂದ ಹೊರಗೆ ಕಾಲಿಟ್ಟು ತಿಂಗಳುಗಳೇ ಆಗಿದ್ದವು. ಒಮ್ಮೆ ಬಸ್ ನಿಲ್ದಾಣದಲ್ಲಿ ನಿಂತುಬಿಟ್ಟಾಗ ಯಾರೋ ಪುಣ್ಯಾತ್ಮರು ಮೂಟೆಯಂತೆ ಎತ್ತಿ ಬಸ್ಸಿನೊಳಗೆ ಇಟ್ಟಿದ್ದರು, ಅಂದಿನಿಂದ ಅವರು ಹೊರಗೆ ಹೋಗಲು ಒಪ್ಪಿರಲಿಲ್ಲ. ಬಚ್ಚಲಿನಲ್ಲಿ ಬಿದ್ದ ಅಪ್ಪನನ್ನು ಎತ್ತಿ ಕೂರಿಸಿದ ನನ್ನವರಿಗೆ ಅವರದೇ ಆದ ಭಯ. "ಹೋಗೋಣ ಅಪ್ಪ, ಆದ್ರೆ ಇವತ್ತು ಅಲ್ಲೇನಾದ್ರೂ ಎಡವಿದ್ರೆ ನಾಳೆನೇ ವೀಲ್‌ಚೇರ್ ತರ್ತೀನಿ. ಆಮೇಲೆ ಹಟ ಮಾಡ್ಬಾರ್ದು," ಎಂದು ಮಾತು ತೆಗೆದುಕೊಂಡಿದ್ದರು. ಮಾವ ಒಪ್ಪಿದ್ದರು. ಗೆಳೆಯರ ಮನೆಯೊಳಗೆ ತನ್ನ ಕಾಲಿನಲ್ಲಿ ಹೋಗಬೇಕು, ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ನನ್ನವರು ಕಾರಿಗೆ ಪೆಟ್ರೋಲು ಹಾಕಿಸಲು ಹೋದ ಹೊತ್ತಿನಲ್ಲಿ ನಾನು ನಮ್ಮ ವಿದ್ಯಾನಗರದ ತಿರುವಿನ ಅಂಗಡಿಗೆ ಹೋಗಿ ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪದ ಬಿಳಿಯ ಕಂಡೆನ್ಸರ್ ಒಂದನ್ನು ತಂದೆ. ಹೊರಡುವವರೆಗೆ ಮಾವನವರನ್ನು ಉಲ್ಟಾ ಗಾಳಿಯ ಕೆಳಗೆ ಕೂರಿಸುವುದು ಯಾಕೋ ಸರಿಯೆನಿಸಲಿಲ್ಲ. ಮೇನ್ ಸ್ವಿಚ್ ತೆಗೆದು ಸ್ಟೂಲು ಹತ್ತಿದೆ. ಕೆಳಗಿನಿಂದ ಅವರು ಹೇಳುತ್ತಾ ಹೋದರು.

"ಕರೆಂಟು ತೆಗೆದೆ ಅಂತ ಧೈರ್ಯವಾಗಿ ಕೈ ಹಾಕ್ಬೇಡ. ಅದರ ಹೊಟ್ಟೇಲಿ ಒಂದಿಷ್ಟು ಉಳ್ಕೊಂಡಿರುತ್ತೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿ ಹಿಡ್ಕೊಂಡು ಎರಡೂ ತುದಿಗೆ ಒಟ್ಟಿಗೆ ಮುಟ್ಟಿಸು. ಆಮೇಲೆ ಬಿಚ್ಚು."

ಮುಟ್ಟಿಸಿದೆ. ಏನೂ ಆಗಲಿಲ್ಲ. "ಪೂರ್ತಿ ಖಾಲಿ," ಎಂದರು ಮಾವ, ಯಾರದೋ ನಾಡಿ ಹಿಡಿದು ನೋಡಿದವರಂತೆ.

ಕಾನ್ವೆಂಟಿನಲ್ಲಿ ನಾನು ಇದರ ಚಿತ್ರವನ್ನು ಸ್ಕೇಲಿಟ್ಟು ಎಷ್ಟೋ ಸಲ ಬರೆದಿದ್ದೇನೆ: ಎದುರುಬದುರು ನಿಂತ ಎರಡು ಗೆರೆಗಳು, ನಡುವೆ ಬಿಳಿಯ ಅಂತರ. ಗೆರೆಗಳು ತಾಗಬಾರದು, ತಾಗಿದರೆ ಅಂಕ ಕಡಿಮೆ. ಸೂತ್ರವೂ ಬಾಯಿಪಾಠವಾಗಿತ್ತು. ಆದರೆ ಆ ಎರಡು ಗೆರೆ ನನ್ನ ತಲೆಯ ಮೇಲೆ, ಫ್ಯಾನಿನ ಬಟ್ಟಲಿನೊಳಗೆ ಕೂತು ಕೆಲಸ ಮಾಡುತ್ತಿವೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಳಗೆ ಹೇಗಿರುತ್ತದೆಂದು ಮಾವನವರು ವಿವರಿಸಿದಾಗ ನನಗೆ ನೆನಪಾದದ್ದು ಪತ್ರೊಡೆ. ಕೆಸುವಿನ ಎಲೆ ಹಾಸಿ, ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಆಮೇಲೆ ಬಿಗಿಯಾಗಿ ಸುರುಳಿ. ಇಲ್ಲಿ ಎಲೆಯ ಬದಲು ಲೋಹದ ತೆಳು ಲೇಪ, ಹಿಟ್ಟಿನ ಬದಲು ಪ್ಲಾಸ್ಟಿಕ್ಕಿನ ಪೊರೆ. ಎರಡು ಲೋಹದ ಹಾಳೆಗಳು ಉದ್ದಕ್ಕೂ ಮೈಗೆ ಮೈ ಸನಿಹವಿದ್ದೂ ಎಲ್ಲಿಯೂ ಸೋಕುವುದಿಲ್ಲ. ಒಂದರಲ್ಲಿ ವಿದ್ಯುತ್ತು ಬಂದು ತುಂಬಿಕೊಂಡಿತೆಂದರೆ ಎದುರಿನದರಿಂದ ಅಷ್ಟೇ ವಿದ್ಯುತ್ತು ಜಾಗ ಖಾಲಿ ಮಾಡಿ ಹೊರಡುತ್ತದೆ. ಪೊರೆಯನ್ನು ದಾಟಿ ಏನೂ ಹೋಗಿಲ್ಲ, ಆದರೂ ಆಚೆಯ ತಂತಿಯಲ್ಲಿ ಹರಿವು ಕಾಣುತ್ತದೆ. ಒಂದೇ ದಿಕ್ಕಿಗೆ ಹರಿಯುವ ಬ್ಯಾಟರಿಯ ಕರೆಂಟಾದರೆ ತುಂಬಿದ ಮೇಲೆ ಎಲ್ಲ ಸ್ತಬ್ಧ. ಮನೆಯ ಕರೆಂಟು ಸದಾ ದಿಕ್ಕು ಬದಲಿಸುವಂಥದ್ದು, ಹಾಗಾಗಿ ಇಲ್ಲಿ ತುಂಬುವುದು ಬರಿದಾಗುವುದು ನಿಲ್ಲದೆ ನಡೆಯುತ್ತಿರುತ್ತದೆ.

ಇದರ ಇನ್ನೊಂದು ಗುಣವನ್ನು ಅರ್ಥ ಮಾಡಿಕೊಳ್ಳಲು ನೀವು ಭದ್ರಾವತಿ ಬಸ್ಸು ಹತ್ತಿದ್ದರೆ ಸಾಕು. ಖಾಲಿ ಬಸ್ಸು ಬಂದು ನಿಂತ ಕ್ಷಣದಲ್ಲೇ ಜನ ಹತ್ತುವ ರಭಸ ಅತಿ ಹೆಚ್ಚು; ಆಗ ಒಳಗೆ ಒತ್ತಡವೇ ಇಲ್ಲ. ಒಳಗೆ ಉಸಿರು ಕಟ್ಟುವಷ್ಟು ಒತ್ತಡವಾದಾಗ ಹತ್ತುವವರು ನಿಂತುಹೋಗಿರುತ್ತಾರೆ. ರಭಸ ಮೊದಲು, ಒತ್ತಡ ಆಮೇಲೆ. ಕಂಡೆನ್ಸರಿನಲ್ಲೂ ಹಾಗೆಯೇ, ಹರಿವು ಮುಂದೆ, ವೋಲ್ಟೇಜೆಂಬ ಒತ್ತಡ ಹಿಂದೆ. ಸುರುಳಿ ಸುತ್ತಿದ ತಂತಿಯ ಸ್ವಭಾವ ಇದಕ್ಕೆ ತಿರುಗುಮುರುಗು, ಅಲ್ಲಿ ಹರಿವು ತಡವಾಗಿ ಏಳುತ್ತದೆ. ಫ್ಯಾನಿನ ಮೋಟಾರಿನಲ್ಲಿ ಅಂಥ ಸುರುಳಿ ಎರಡಿವೆ. ಒಂದು ನೇರವಾಗಿ ಕರೆಂಟಿಗೆ, ಇನ್ನೊಂದು ಕಂಡೆನ್ಸರಿನ ಮೂಲಕ.

"ಎರಡು ಯಾಕೆ ಮಾವ? ಒಂದೇ ಸಾಲ್ದಾ?"

"ನಿಮ್ಮತ್ತೆ, ನಮ್ಮಕ್ಕ ಕೂತ್ಕೊಂಡು ರಾಗಿ ಬೀಸ್ತಿದ್ರು. ಕಲ್ಲಿನ ಗೂಟಾನ ಒಬ್ಬಳೇ ನೇರಕ್ಕೆ ನೂಕೋದು, ನೇರಕ್ಕೆ ಎಳೆಯೋದು ಮಾಡಿದ್ರೆ ಕಲ್ಲು ತಿರುಗುತ್ತಾ? ನಿಂತಲ್ಲೇ ಗಡಗಡ ಅನ್ನುತ್ತೆ. ಪಕ್ಕದಲ್ಲಿ ಇನ್ನೊಬ್ಬಳು ಕೂತು, ಒಂಚೂರು ಮುಂಚೆ ಅವಳ ಕಡೆ ಎಳೀಬೇಕು. ಆಗ ಸುತ್ತುತ್ತೆ. ಶುರುವಾದ ಮೇಲೆ ಒಬ್ಬಳೇ ಸಂಭಾಳಿಸ್ಕೋಬಹುದು. ಶುರುವಿಗೆ ಇಬ್ಬರು ಬೇಕು."

ಪಕ್ಕದಿಂದ ಬರುವ ಆ ಒಂದು ನೂಕು, ಅದೂ ಕ್ಷಣ ಮುಂಚೆ. ಇಷ್ಟೇ ಕಂಡೆನ್ಸರಿನ ಉಪಕಾರ. ಅದಿಲ್ಲದೆ ಮೋಟಾರಿಗೆ ಶಕ್ತಿಗೇನೂ ಕೊರತೆಯಿಲ್ಲ, ಸಿಕ್ಕ ಶಕ್ತಿಯೆಲ್ಲ ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಬಡಿದಾಡಿ ಗುಂಯ್ ಎಂಬ ಸದ್ದಾಗುತ್ತದೆ.

ಬಿಚ್ಚಿದ ಹಳೆಯದನ್ನು ಅವರ ಅಂಗೈಯಲ್ಲಿಟ್ಟೆ. ಹೊರಗಿನಿಂದ ಹೊಸದರಂತೆಯೇ ಇತ್ತು. ಅದು ಹೇಗೆ ಹಾಳಾಗುತ್ತದೆಂದು ಅವರು ಹೇಳಿದ್ದು ಆಮೇಲೂ ನನ್ನ ತಲೆಯಲ್ಲಿ ಉಳಿಯಿತು. ಪೊರೆಯಲ್ಲಿ ಎಲ್ಲಾದರೂ ಕಣ್ಣಿಗೆ ಕಾಣದ ತೂತು ಬಿದ್ದರೆ ಆ ತೂತಿನ ಸುತ್ತಲಿನ ಲೋಹ ತಾನೇ ಸುಟ್ಟು ಆವಿಯಾಗಿ, ಗಾಯವನ್ನು ಬೇರ್ಪಡಿಸಿಬಿಡುತ್ತದಂತೆ. ಕೆಲಸ ನಿಲ್ಲುವುದಿಲ್ಲ. ಆದರೆ ಪ್ರತಿ ಸಲ ವಾಸಿಯಾದಾಗಲೂ ಒಂದು ಚೂರು ಲೋಹ ಕಡಿಮೆ, ಒಂದು ಚೂರು ಸಾಮರ್ಥ್ಯ ಕಡಿಮೆ. ಫ್ಯಾನು ಮೊದಲು ನಿಧಾನವಾಗಿ, ಆಮೇಲೆ ಇನ್ನೂ ನಿಧಾನವಾಗಿ, ಕೊನೆಗೊಂದು ಬೆಳಗ್ಗೆ ಶುರುವಾಗುವುದನ್ನೇ ಬಿಡುತ್ತದೆ.

"ನಂದೂ ಹಿಂಗೇ ಕಣಮ್ಮ," ಎಂದರು ಮಾವ, ಬೇಸರವಿಲ್ಲದೆ. "ವೈಂಡಿಂಗ್ ಚೆನ್ನಾಗಿದೆ, ಕಂಡೆನ್ಸರ್ ವೀಕು."

ಹೊಸದನ್ನು ಜೋಡಿಸಿ ಸ್ವಿಚ್ ಹಾಕಿದೆ, ಫ್ಯಾನು ಕೋಲಿಲ್ಲದೆ ತಿರುಗಿ ಟೀಪಾಯಿಯ ಪೇಪರು ಹಾರಿತು. ಹೊರಡುವ ಹೊತ್ತಾಯಿತು. ಹಾಲ್ ದಾಟಿ ಬಂದವರು ಹೊಸ್ತಿಲ ಮುಂದೆ ನಿಂತರು. ಮಂಡಿ ಅದುರಿತು. ರೂಢಿಯಂತೆ ನಾನು ಎದುರು ಬಂದು ಎರಡೂ ಕೈ ಹಿಡಿದು ನನ್ನ ಕಡೆ ಎಳೆದೆ. "ಎಳೀಬೇಡ, ಬೀಳ್ತೀನಿ," ಎಂದರು. ಕೈ ಬಿಟ್ಟೆ. ಬಿಟ್ಟು ಆ ಪಾದಗಳನ್ನು ನೋಡಿದೆ. ಸ್ವಿಚ್ ಹಾಕಿದ ಫ್ಯಾನಿನ ರೆಕ್ಕೆಯ ಅದೇ ಅದುರು. ನಾನು ಮುಂದಿನಿಂದ ಎಳೆಯುತ್ತೇನೆ, ನನ್ನವರು ಹಿಂದಿನಿಂದ ನೂಕುತ್ತಾರೆ, ಅವರ ಮನಸ್ಸೂ ಮುಂದಕ್ಕೇ ತುಯ್ಯುತ್ತಿರುತ್ತದೆ. ಎಲ್ಲರ ಬಲವೂ ಒಂದೇ ಗೆರೆಯ ಮೇಲೆ. ಫಿಸಿಯೋಥೆರಪಿಯ ಹುಡುಗಿ ಮೊದಲ ದಿನವೇ ಹೇಳಿದ್ದಳು: ಎಳೆಯಬೇಡಿ, ಮೊದಲು ಭಾರವನ್ನು ಪಕ್ಕದಿಂದ ಪಕ್ಕಕ್ಕೆ ತೂಗಿಸಿ, ಒಂದು ಕಾಲು ಹಗುರವಾದ ಮೇಲೆ ಹೆಜ್ಜೆ. ಅದನ್ನು ನಾವು ವ್ಯಾಯಾಮದ ಹೊತ್ತಿಗೆ ಮಾತ್ರ ಮಾಡಿಸುತ್ತಿದ್ದೆವು. ನಿಜವಾಗಿ ನಡೆಯಬೇಕಾದಾಗ ಗಾಬರಿಗೆ ಎಳೆಯುತ್ತಿದ್ದೆವು.

"ಮಾವ, ಮೊದ್ಲು ಪಕ್ಕಕ್ಕೆ. ಬಲಗಡೆ ವಾಲಿ... ಈಗ ಎಡಗಡೆ..."

ಅವರು ನನ್ನ ಮುಖ ನೋಡಿದರು, ಅರ್ಥವಾಗಿ ನಕ್ಕರು. "ಇನ್ನೊಂದು ಸುರುಳಿ," ಎಂದರು. ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಿದರು. ಬಲಗಾಲು ಎದ್ದು ಹೊಸ್ತಿಲಾಚೆ ಬಿತ್ತು.

ಇದನ್ನು ಪವಾಡವೆಂದು ತಿಳಿಯಬೇಡಿ. ಮನುಷ್ಯನ ಮೆದುಳು ಫ್ಯಾನಲ್ಲ. ಅದಕ್ಕೆ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಎಷ್ಟು ತೂಗಿದರೂ ಪಾದ ಏಳದೆ ಇದ್ದದ್ದೂ ಉಂಟು. ಆದರೆ ಸಹಾಯ ಮಾಡುವ ಕೈಗೂ ಒಂದು ದಿಕ್ಕು ಇರಬೇಕೆನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕಾರು ಮಾಚೇನಹಳ್ಳಿಯ ಶೆಡ್ಡುಗಳ ಸಾಲು ದಾಟುವಾಗ ಮಾವ ಕಿಟಕಿಯಿಂದ ತೋರಿಸುತ್ತಾ, ಇಂಥ ಪ್ರತಿ ಕಾರ್ಖಾನೆಯಲ್ಲೂ ಬೀರುವಿನ ತುಂಬ ಕಂಡೆನ್ಸರ್ ಇಟ್ಟಿರುತ್ತಾರೆ ಎಂದರು. ಮೋಟಾರುಗಳು ಕರೆಂಟಿನ ಒಂದು ಪಾಲನ್ನು ಕೆಲಸಕ್ಕೆಂದು ಅಲ್ಲ, ತಮ್ಮೊಳಗಿನ ಕಾಂತಶಕ್ತಿಯನ್ನು ಎಬ್ಬಿಸಿಕೊಳ್ಳಲಿಕ್ಕೆಂದೇ ತರಿಸಿ, ಮರುಕ್ಷಣ ಹಿಂದಿರುಗಿಸುತ್ತವಂತೆ. ಬರುವುದು, ಹೋಗುವುದು, ಮಾಡಿದ ಕೆಲಸವೆಂದು ತೋರಿಸಲು ಏನೂ ಇಲ್ಲ, ಅದಿಲ್ಲದೆ ಮೋಟಾರು ಮಾತ್ರ ಏಳುವುದಿಲ್ಲ. ಆ ಓಡಾಟವನ್ನು ದೂರದ ತಂತಿಯ ಮೇಲೆ ಹೇರದೆ ಪಕ್ಕದಲ್ಲೇ ಪೂರೈಸುವುದು ಕಂಡೆನ್ಸರಿನ ಕೆಲಸ. ಮನೆಯ ಮೀಟರು ಆ ಪಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ಮಾವ ಹೇಳಿದಾಗ, ಬೆಳಗಿನಿಂದ ಅಡುಗೆಮನೆಗೂ ಹಾಲ್‌ಗೂ ಓಡಾಡಿದ್ದ ನಾನು ಹಿಂದಿನ ಸೀಟಿನಲ್ಲಿ ಒಬ್ಬಳೇ ನಕ್ಕೆ. ನನ್ನವರು ಕನ್ನಡಿಯಲ್ಲಿ ನೋಡಿ, "ಏನು?" ಎಂದರು. ಏನಿಲ್ಲ ಎಂದೆ.

ಆರುಮುಗಂ ಅವರ ಮನೆಗೆ ಎರಡು ಮೆಟ್ಟಿಲು, ಅದರಾಚೆ ಕಿರಿದಾದ ಬಾಗಿಲು. ಬಾಗಿಲ ತುಂಬ ಹಳಬರು ನಗುತ್ತಾ ನಿಂತಿದ್ದರು. ಮಾವನವರ ಕಾಲಿಗೆ ಇದಕ್ಕಿಂತ ಕಠಿಣವಾದ ಜಾಗ ಇನ್ನೊಂದಿಲ್ಲ. ಮೆಟ್ಟಿಲು ಹತ್ತಿದರು, ಬಾಗಿಲ ಮುಂದೆ ನಿಂತುಬಿಟ್ಟರು. "ವಾ ರುದ್ರಪ್ಪ, ವಾ!" ಎಂದು ತಮಿಳಿನಲ್ಲಿ ಒಳಗೆ ಕರೆಯುತ್ತಾ ಆರುಮುಗಂ ಎರಡೂ ಕೈ ಚಾಚಿ ಮುಂದೆ ಬಂದರು. ಹಿಂದಿನಿಂದ ನನ್ನವರು ಅಪ್ಪನ ಸೊಂಟಕ್ಕೆ ಕೈ ಹಾಕಹೊರಟರು. ನನ್ನ ಬಾಯಿಂದ ಅದುವರೆಗೆ ಯಾರ ಮನೆಯಲ್ಲೂ ಬರದಷ್ಟು ದೊಡ್ಡ ದನಿ ಬಂತು: "ಯಾರೂ ಮುಟ್ಟಬೇಡಿ!"

ಆರುಮುಗಂ ಚಾಚಿದ ಕೈ ಇಳಿಸಿದರು. ನನ್ನವರು ಒಂದು ಹೆಜ್ಜೆ ಹಿಂದೆ ಸರಿದರು. ಮಾವ ಬಲಕ್ಕೆ ವಾಲಿದರು, ಎಡಕ್ಕೆ ವಾಲಿದರು, ಮತ್ತೆ ಬಲಕ್ಕೆ.

"ಏನಪ್ಪಾ, ಬಾಗಿಲಲ್ಲೇ ಡ್ಯಾನ್ಸಾ?" ಎಂದರು ಆರುಮುಗಂ.

"ಸ್ಟಾರ್ಟಿಂಗು ಕಣೋ. ತಡ್ಕೋ. ಸಿಂಗಲ್ ಫೇಸ್ ಗಿರಾಕಿ ನಾನು," ಎಂದರು ಮಾವ, ಕಣ್ಣು ಪಾದದ ಮೇಲೆಯೇ ಇಟ್ಟು.

ಜೀವಮಾನವೆಲ್ಲ ಮೋಟಾರು ಕಟ್ಟಿದವರ ಗುಂಪು ಅದು, ಮನೆಯ ಫ್ಯಾನಿನಂಥ ಸಿಂಗಲ್ ಫೇಸ್ ಮೋಟಾರು ಪಕ್ಕದ ನೂಕಿಲ್ಲದೆ ಏಳುವುದಿಲ್ಲವೆಂದು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವರೆಲ್ಲ ಬಾಗಿಲು ಬಿಟ್ಟು ಎರಡೂ ಬದಿಗೆ ಸರಿದು ಕಾದರು. ಯಾರೂ ಅವಸರಿಸಲಿಲ್ಲ. ಮೂರನೆಯ ತೂಗಿಗೋ ನಾಲ್ಕನೆಯದಕ್ಕೋ ಕಾಲು ಎದ್ದಿತು, ಹೊಸ್ತಿಲು ದಾಟಿತು, ಆಮೇಲೆ ಅವರು ಆ ಉದ್ದನೆಯ ಕೋಣೆಯ ಕೊನೆಯ ಕುರ್ಚಿಯವರೆಗೂ ನಡೆದೇ ಹೋದರು. ಊಟವಾದ ಮೇಲೆ ನನ್ನವರು ಕೈ ತೊಳೆಯುವಾಗ ನನ್ನ ಪಕ್ಕ ಬಂದು, "ಅದ್ಯಾವ ಕಡೆಯಿಂದ ಶುರು ಮಾಡೋದು, ಬಲವಾ ಎಡವಾ? ನಂಗೂ ತೋರ್ಸು," ಎಂದರು.

ಸಂಜೆ ವಾಪಸು ಬಂದಾಗ ನಮ್ಮ ಗೇಟಿನ ಮುಂದೆ ಯಾರದೋ ಲಾರಿ ಜಲ್ಲಿ ಇಳಿಸುತ್ತಿತ್ತು. ಕಾರನ್ನು ರಸ್ತೆಯ ತುದಿಯಲ್ಲೇ ನಿಲ್ಲಿಸಬೇಕಾಯಿತು. ಮಾವ ಇಳಿದು, ಒಮ್ಮೆ ತೂಗಿ, ಹೊರಟರು. ಕೈ ಚಾಚಿಬಿಡುತ್ತೇನೆಂಬ ಹೆದರಿಕೆಗೆ ನಾನು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ನಡೆದೆ. ಅವರು ಗೇಟು ತೆಗೆದು ಒಳಗೆ ಹೋದರು. ಆಗ ಪಕ್ಕದ ಮನೆಯ ಗಿರಿಜಕ್ಕ ಗಿಡಕ್ಕೆ ನೀರು ಹಾಕುತ್ತಿದ್ದ ಪೈಪನ್ನು ಕೆಳಗಿಳಿಸಿ, ಕಾಂಪೌಂಡಿನ ಮೇಲಿನಿಂದ ನನ್ನನ್ನು ನೋಡಿ ಹೇಳಿದರು:

"ಏನ್ ಮಾರಾಯ್ತಿ, ವಯಸ್ಸಾದ ಮಾವನ್ನ ಒಬ್ಬರನ್ನೇ ಮುಂದೆ ಬಿಟ್ಟು ನೀನು ರಾಣಿ ಹಂಗೆ ಹಿಂದೆ ಬರ್ತಿದೀಯಲ್ಲ!"