ಅಳತೆಗೆ ನಿಂತವಳು

ಬಳ್ಳಾರಿಯ ಒಂದು ಸ್ಟುಡಿಯೋದಲ್ಲಿ ನಾನು ಆರು ವರ್ಷ ಫೋಟೋ ತೊಳೆದೆ. ಕತ್ತಲೆ ಕೋಣೆಯ ಕೆಲಸದ ಜೊತೆ ಇನ್ನೊಂದು ಕೆಲಸವೂ ನನ್ನ ಪಾಲಿಗಿತ್ತು. ನಮ್ಮ ಜನರಲ್ಲಿ ಯಾರಾದರೂ ತೀರಿಕೊಂಡರೆ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಆಚೀಚೆ ಕುಳಿತು ಒಂದು ಫೋಟೋ ತೆಗೆಸುತ್ತಾರೆ. ಬದುಕಿದ್ದಾಗ ಕ್ಯಾಮೆರಾ ಕಾಣದ ಎಷ್ಟೋ ಜನರಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಅಂಥ ಮನೆಗಳಿಗೆ ಮಾಲೀಕರು ನನ್ನನ್ನೇ ಕಳಿಸುತ್ತಿದ್ದರು. ಅಳುವವರಿಗೆ "ಅಲುಗಾಡಬ್ಯಾಡ್ರಿ" ಎಂದು ಹೇಳುವುದು ನನಗೆ ಅಂಗಿಯ ಗುಂಡಿ ಹಾಕಿಕೊಂಡಷ್ಟು ಸಲೀಸಾಗಿತ್ತು.

ಅದು ಬೇಸರವಾಗಿ ಕೆಲಸ ಬಿಟ್ಟೆ. ಊರೂರು ತಿರುಗಿ, ಕಂಡದ್ದನ್ನು ಬರೆದು, ಚಿತ್ರದ ಜೊತೆ ವಾರಪತ್ರಿಕೆಗಳಿಗೆ ಕಳಿಸಿ ಬದುಕಬೇಕೆಂಬ ಹಂಬಲ. ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡೆ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡುವಂಥದ್ದು. ಒಂದು ರೀಲಿಗೆ ಹನ್ನೆರಡೇ ಚಿತ್ರ.

ನನ್ನ ಹೆಂಡತಿ ನನ್ನ ಅಕ್ಕನ ಮಗಳೇ. ಮದುವೆಯಾದ ಮೇಲೂ ಅವಳಿಗೆ ನಾನು ಮಾಮಾನೇ. ನಮ್ಮ ಮದುವೆಯಲ್ಲಿ ಫೋಟೋ ತೆಗೆಯಲಿಲ್ಲ. ಬಂಧುಗಳ ಪೈಕಿ ಕ್ಯಾಮೆರಾ ಹಿಡಿಯಲು ಬರುತ್ತಿದ್ದವನು ನಾನೊಬ್ಬನೇ, ನಾನು ತಾಳಿ ಕಟ್ಟುತ್ತಿದ್ದೆ.

ಮೊದಲ ಲೇಖನ ಅಕ್ಕನ ಊರಾದ ಕುರುಗೋಡಿನ ಬಸವಣ್ಣನ ಮೇಲೆ. ಎಷ್ಟು ದೊಡ್ಡ ಮೂರ್ತಿಯೂ ಚಿತ್ರದಲ್ಲಿ ಅಂಗೈಯಷ್ಟಾಗಿಬಿಡುತ್ತದೆ. ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಅವಳನ್ನು ನಿಲ್ಲಿಸಿದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ನೇರ ಕ್ಯಾಮೆರಾ ನೋಡಿ ನಕ್ಕಳು.

ಲೇಖನ ವಾಪಸು ಬಂತು. ಮೂರ್ತಿ ಚೆನ್ನಾಗಿದೆ, ಆದರೆ ಆ ಹೆಂಗಸು ನಗುತ್ತಿರುವುದರಿಂದ ಮನೆಯವರ ಫೋಟೋ ಇದ್ದಂತಿದೆ ಎಂದು ಸಂಪಾದಕರು ಬರೆದಿದ್ದರು. ಅವಳ ಮುಖದ ಮೇಲೆ ಕೆಂಪು ಪೆನ್ಸಿಲಿನ ಗೀಟು. ಮತ್ತೆ ಕುರುಗೋಡಿಗೆ ಹೋಗುವ ಬದಲು ಸ್ಟುಡಿಯೋದಲ್ಲಿ ಕಲಿತ ವಿದ್ಯೆ ಬಳಸಿದೆ. ನೆಗೆಟಿವ್ ಮೇಲೆ ಬ್ಲೇಡಿನ ತುದಿಯಿಂದ ಅವಳ ಮುಖವನ್ನು ಕೆರೆದೆ. ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಾಗಿ ಬಂತು, ಕಂಬದ ನೆರಳು ಬಿದ್ದಂತೆ. ಹಳೆಯ ಪ್ರಿಂಟ್ ಒಲೆಗೆ ಹೋಯಿತು.

ಲೇಖನ ಅಚ್ಚಾಯಿತು. ಅವಳು ಪತ್ರಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಮಾಮಾ, ನನ್ನ ಮಾರಿಗೆ ಮಸಿ ಬಳದುಬಿಟ್ಟಿಯಲ್ಲ" ಎಂದು ನಕ್ಕಳು.

"ಬಸವಣ್ಣನ್ನ ನೋಡಾಕ ಓದತಾರ, ನಿನ್ನನ್ನಲ್ಲ" ಅಂದೆ.

ಅಂದಿನಿಂದ ಎಲ್ಲಿಗೆ ಹೋದರೂ ನನ್ನ ಮಾತು ಒಂದೇ: "ಮಾರಿ ಆ ಕಡೆ ಮಾಡು." ಕೋಟೆಯ ಗೋಡೆಗೆ, ಹಾಳು ಗುಡಿಯ ಬಾಗಿಲಿಗೆ ಬೆನ್ನು ಕಾಣುವಂತೆ ನಿಲ್ಲುತ್ತಿದ್ದಳು. ಬೇಸಿಗೆಯಲ್ಲಿ ಬಂಡೆ ಕಾದು ಪಾದ ಸುಡುತ್ತಿದ್ದವು. ಚಿತ್ರದಲ್ಲಿ ಚಪ್ಪಲಿ ಚೆನ್ನಾಗಿ ಕಾಣುವುದಿಲ್ಲವೆಂದು ಬಿಡಿಸುತ್ತಿದ್ದೆ. "ಮಂದಿ ಅಳತಿ ಕೋಲು ಒಯ್ತಾರ, ನೀ ಹೆಂಡ್ತಿ ಒಯ್ತಿ" ಎನ್ನುತ್ತಿದ್ದಳು. ಆ ಮಾತು ನನಗೆ ಇಷ್ಟವಾಗಿತ್ತು. ಒಂದು ಲೇಖನದಲ್ಲಿ ನನ್ನದೇ ಎಂಬಂತೆ ಬರೆದೂಬಿಟ್ಟೆ.

ಸಿರುಗುಪ್ಪದ ಕಡೆ ಹೊಳೆಯ ದಂಡೆಗೆ ಹೋದದ್ದು ಕೊನೆಯ ಸಲ. ಹಳೆಯ ಮೆಟ್ಟಿಲುಗಳು, ಮೇಲೆ ಒಂದು ಮಂಟಪ. ಮೆಟ್ಟಿಲುಗಳ ಎತ್ತರ ತಿಳಿಯಲೆಂದು ಅವಳನ್ನು ಮೊಳಕಾಲು ನೀರಿನಲ್ಲಿ ನಿಲ್ಲಿಸಿದೆ. ಮೋಡ ಸರಿಯಲೆಂದು ಕಾಯುತ್ತಾ ಬಹಳ ಹೊತ್ತು ನಿಂತಳು. ಹತ್ತು ಚಿತ್ರ ಮುಗಿದವು. ಸೀರೆಯ ನೆರಿಗೆ ಹಿಂಡಿಕೊಳ್ಳುತ್ತಾ ಮೇಲೆ ಬಂದಳು.

"ಇನ್ನ ಎರಡು ಉಳದಾವಲ್ಲ. ಒಂದ್ರಾಗ ನನ್ನ ಮಾರಿ ತೆಗಿ ಮಾಮಾ. ಅವ್ವಗ ಕೊಡತೀನಿ."

"ಮಂಟಪ ಉಳದೈತಿ. ನಿನ್ನ ಮಾರಿ ಎಲ್ಲಿಗಿ ಓಡಿಹೋಗತೈತಿ?"

ಅವಳು ಮತ್ತೆ ಕೇಳಲಿಲ್ಲ. ಮಂಟಪದ ಮೇಲೆ ಬಿಸಿಲು ಬೀಳಲೇ ಇಲ್ಲ. ಬಳ್ಳಾರಿ ಬಸ್ಸು ತಪ್ಪೀತೆಂದು ಹೊರಟುಬಿಟ್ಟೆವು. ಅಂಚೆಗೆ ಹಾಕುವ ಆತುರದಲ್ಲಿ ಮರುದಿನವೇ ರೀಲು ತೊಳೆದೆ. ಹತ್ತು ಚಿತ್ರ, ಕೊನೆಯ ಎರಡು ಖಾಲಿ.

ಆ ವಾರವೇ ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ನೀರಿನಲ್ಲಿ ನಿಂತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ನಾನು ಬಹಳ ಬೇಗ ನಂಬಿದೆ. ಹದಿನೇಳನೆಯ ದಿನ ತೀರಿಕೊಂಡಳು.

ಕುರುಗೋಡಿನಿಂದ ಅಕ್ಕ ಬಂದಳು. ಮಗಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಅಕ್ಕ ಅವಳ ಮುಂದೆ ಅಲ್ಲ, ನನ್ನ ಪೆಟ್ಟಿಗೆಯ ಮುಂದೆ ಕುಳಿತು ಒಂದೊಂದೇ ಚಿತ್ರ ತೆಗೆದು ನೋಡಿದಳು. ಕಲ್ಲು, ಕಂಬ, ಬೆನ್ನು. ಮತ್ತೆ ಕಲ್ಲು, ಬೆನ್ನು.

"ಲೇ ತಮ್ಮಾ, ಊರಾನ ಕಲ್ಲೆಲ್ಲಾ ತೆಗದೀ. ನನ್ನ ಮಗಳ ಮಾರಿ ಎಲ್ಲೈತಿ?"

ಬಂದವರಲ್ಲಿ ಯಾರೋ, "ಫೋಟೋದಾಂವನ್ನ ಕರಸ್ರಿ" ಅಂದರು. ಇನ್ನೊಬ್ಬರು, "ಮನಿಯಾಗನ ಫೋಟೋದಾಂವ ಅದಾನಲ್ಲ" ಅಂದರು. ಕ್ಯಾಮೆರಾ ತಂದೆ. ತಲೆ ಬಗ್ಗಿಸಿ ನೋಡಿದೆ. ಇಷ್ಟು ವರ್ಷಗಳ ಮೇಲೆ ಅವಳು ಮತ್ತೆ ನೇರ ನನ್ನ ಕಡೆಗಿದ್ದಳು, ಕಣ್ಣು ಮುಚ್ಚಿತ್ತು. "ಅಲುಗಾಡಬ್ಯಾಡ್ರಿ" ಎಂದು ಬಾಯಿ ತಾನಾಗಿ ಅಂದಿತು. ಯಾರೂ ಅಲುಗಾಡಲಿಲ್ಲ.

ಸಿರುಗುಪ್ಪದ ಲೇಖನ ಎರಡು ತಿಂಗಳ ಮೇಲೆ ಬಂತು. ಮುಕ್ಕಾಲು ಪುಟದ ಚಿತ್ರ, ಕೆಳಗೆ "ಮೆಟ್ಟಿಲ ಬಳಿ ಸ್ಥಳೀಯ ಮಹಿಳೆ" ಎಂದಿತ್ತು. ಸಂಪಾದಕರಿಗೆ ಅದು ಬಹಳ ಹಿಡಿಸಿತು. ಪ್ರತಿ ತಿಂಗಳೂ ಒಂದು ಊರಿನ ಬಗ್ಗೆ ಬರೆಯಿರಿ ಎಂದರು. ಹಾಗೆ ನಾನು ಪ್ರವಾಸ ಬರಹಗಾರನಾದೆ. ಅಳತೆಗೆ ಒಂದು ಕೊಡೆ ಒಯ್ಯತೊಡಗಿದೆ. ಗೋಡೆಗೆ ಒರಗಿಸಿದರೆ ಸಾಕು, ತಿರುಗಿ ನೋಡುವುದಿಲ್ಲ.

ಹೆಣದ ಫೋಟೋ ತೊಳೆದು ಕುರುಗೋಡಿಗೆ ಒಯ್ದೆ. ಅಕ್ಕ ಲಕೋಟೆ ಬಿಚ್ಚಲಿಲ್ಲ. "ಸತ್ತ ಮಾರಿ ನಾ ಕಂಡೀನಿ" ಅಂದಳು. ಪತ್ರಿಕೆಯ ಪುಟಕ್ಕೆ ಕಟ್ಟು ಹಾಕಿಸಿ ದೇವರ ಗೋಡೆಗೆ ತೂಗುಹಾಕಿದ್ದಳು. ಮಗಳ ಬೆನ್ನಿಗೆ ವಿಭೂತಿ ಹಚ್ಚಿ, ಹೂವು ಏರಿಸಿದ್ದಳು. ನನಗೆ ಬೆನ್ನು ಮಾಡಿ ಅದನ್ನೇ ನೋಡುತ್ತಾ ಕೇಳಿದಳು:

"ಒಮ್ಮೆರ ಕೇಳಲಿಲ್ಲೇನು ಆಕಿ, ನನ್ನ ಮಾರಿ ತೆಗಿ ಅಂತ?"

"ಇಲ್ಲಕ್ಕಾ. ಕೇಳಲಿಲ್ಲ."

ಅಕ್ಕ ನಂಬಿದಳು. "ಸಣ್ಣಾಕಿದ್ದಾಗಿಂದ ಹಂಗ. ಬಾಯಿ ಬಿಟ್ಟು ಏನೂ ಕೇಳಾಕಿ ಅಲ್ಲ" ಎಂದು ಕಣ್ಣೊರೆಸಿಕೊಂಡು, ನನಗೆ ರೊಟ್ಟಿ ಬಡಿಸಲು ಒಳಗೆ ಹೋದಳು.