ಎಡ ಮೂಲೆಯ ಕಾಕಾ

ಕಾಕಾ ಅವರ ಎಡಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಒಳಕ್ಕೆ ಮಡಚಿಕೊಂಡೇ ಇದ್ದವು. ಎಷ್ಟು ಎಳೆದರೂ ನೆಟ್ಟಗಾಗುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಉಳಿದ ಮೂರೇ ಕೆಲಸ ಮಾಡುತ್ತಿದ್ದವು. ಇಪ್ಪತ್ತು ವರ್ಷ ಕಬಡ್ಡಿ ಅಂಕಣದಲ್ಲಿ ಎದುರಾಳಿಗಳ ಕಣಕಾಲು ಹಿಡಿದು ಹಿಡಿದು ಹಾಗಾಗಿದ್ದವು.

ನಮ್ಮ ಬೀದರ ತಂಡದಲ್ಲಿ ಅವರದು ಎಡ ಮೂಲೆ, ಒಳಗೆ ಬಂದವರ ಕಾಲು ಹಿಡಿಯುವ ಜಾಗ. ನಾನು ರೇಡರ್. ಚಪ್ಪಾಳೆ, ಫೋಟೋ ಎಲ್ಲ ನನಗೆ. ನನ್ನ ಮೈ ಯಾರೂ ಮುರಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಔರಾದ ಕಡೆಯ ಅವರೂರು ಎಕಂಬಾದಲ್ಲಿ ಅವರಿಗೆ ಕುರಿಗಳಿದ್ದವು. "ಕುರಿ ಹಿಂಗಾಲು ಹಿಡದು ಕಲ್ತದ್ದು ಇದು. ಕಾಲು ಕೈಯಾಗ ಬಂತಂದ್ರ ಆಮ್ಯಾಗ ಅದರ ಆಟ ನಡೆಯಂಗಿಲ್ಲ" ಎನ್ನುತ್ತಿದ್ದರು. ಔರಾದದಿಂದ ಬಸ್ಸು ಹಿಡಿದು ಪ್ರಾಕ್ಟೀಸಿಗೆ ಬರುವಾಗಲೂ ಅವರ ಅಂಗಿಗೆ ಕುರಿಯ ವಾಸನೆ ಇರುತ್ತಿತ್ತು. ನಾವು ಹುಡುಗರು ಮೂಗು ಮುಚ್ಚಿ ಕಾಡಿಸುತ್ತಿದ್ದೆವು, ಅವರು ನಗುತ್ತಿದ್ದರು.

ಮಣ್ಣಿನ ಅಂಕಣದ ಕಾಲದಲ್ಲಿ ಪ್ರತಿ ತಂಡಕ್ಕೂ ತನ್ನ ಹುಡುಗರನ್ನು ಕಾಯುವ ಇಂಥ ಒಬ್ಬ ಇರುತ್ತಿದ್ದ. ಆಟಕ್ಕೆ ಮುಂಚೆ ಎರಡೂ ಕಡೆಯ ಆ ಇಬ್ಬರು ಒಂದೇ ಚಹಾದಂಗಡಿಯಲ್ಲಿ ಕೂತು, ಒಂದು ಚಹಾ ಎರಡು ಮಾಡಿ ಕುಡಿಯಬೇಕು. ಅದು ಅವರವರಲ್ಲೇ ಇದ್ದ ಪದ್ಧತಿ. ಕಾಕಾ ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು: "ಹುಡುಗೋರ ಮ್ಯಾಲ ಕೈ ಹಾಕೋದು ಬ್ಯಾಡ. ಏನಿದ್ರೂ ನಾವಿಬ್ಬರು ನೋಡ್ಕೊಳ್ಳೋಣು."

ಒಮ್ಮೆ ಭಾಲ್ಕಿಯಲ್ಲಿ ಆ ಊರಿನ ತಂಡದ ಧಡೂತಿ ಮನುಷ್ಯ ಆ ಮಾತು ಮೀರಿ ನನ್ನ ಬಾಯಿಗೆ ಮೊಣಕೈ ಹಾಕಿದ. ಹಲ್ಲು ಅಲುಗಾಡಿ ರಕ್ತ ಬಂತು. ಅವನು ರೇಡಿಗೆಂದು ನಮ್ಮ ಅಂಕಣಕ್ಕೆ ಬಂದಾಗ ಕಾಕಾ ಕಣಕಾಲು ಹಿಡಿದು ಕೆಡವಿ, ಅವನ ಎದೆಯ ಮೇಲೆ ಕೂತರು. ಅಂಪೈರ್ ಸೀಟಿ ಊದುತ್ತಲೇ ಇದ್ದ, ಇವರು ಏಳಲಿಲ್ಲ. ಆಟ ಮುಗಿದ ಮೇಲೆ ನೋಡಿದರೆ ಅವನ ಕಾಲಿಗೆ ಇವರೇ ಅರಿಷಿಣ ಎಣ್ಣೆ ಹಚ್ಚುತ್ತ ಕೂತಿದ್ದಾರೆ. ನನ್ನ ಬಲ ಮೊಣಕಾಲು ಆಗಲೇ ಕೆಟ್ಟಿತ್ತು. ಅದನ್ನೂ ದಿನಾ ಸಂಜೆ ತಿಕ್ಕುತ್ತಿದ್ದವರು ಅವರೇ. ಆ ನೋವಿನ ವಿಷಯ ಮನೆಯಲ್ಲೂ ಹೇಳಿರಲಿಲ್ಲ, ಅವರಿಗಷ್ಟೇ ಗೊತ್ತಿತ್ತು.

ಆಮೇಲೆ ಮ್ಯಾಟ್ ಬಂತು, ಕಾರ್ಡುಗಳು ಬಂದವು. ಕಾಕಾ ಒರಟಾಗಿ ಹಿಡಿದರೆ ಹಳದಿ ಕಾರ್ಡು, ಎರಡು ನಿಮಿಷ ಹೊರಗೆ. ಅಷ್ಟರಲ್ಲಿ ನಾವು ಐದಾರು ಪಾಯಿಂಟ್ ಕಳೆದುಕೊಳ್ಳುತ್ತಿದ್ದೆವು. ಆ ವರ್ಷ ಜಿಲ್ಲಾ ಪಂದ್ಯ ನೋಡಲು ಕ್ರೀಡಾ ಕೋಟಾದ ಆಯ್ಕೆದಾರರು ಬರುವವರಿದ್ದರು. ನನಗೆ ನೌಕರಿ ಬೇಕಿತ್ತು. ಕ್ಯಾಪ್ಟನ್ ಆದ ನಾನು ಹನ್ನೆರಡು ಜನರ ಪಟ್ಟಿ ಬರೆಯುವಾಗ ಅವರ ಹೆಸರು ಬಿಟ್ಟೆ. ಯಾರೂ ನನ್ನ ಕೈ ಹಿಡಿದು ಆ ಹೆಸರು ಬಿಡಿಸಿರಲಿಲ್ಲ.

ಕಾಕಾ ಕೇಳಿದಾಗ, "ಕಮಿಟಿಯವರು ತೆಗದಾರ ಕಾಕಾ, ನನ್ನ ಕೈಯಾಗ ಏನಿಲ್ಲರಿ" ಎಂದೆ. ಅವರು ಹೂಂ ಎಂದು ಎಣ್ಣೆ ಬಟ್ಟಲು ತೆಗೆದುಕೊಂಡು ಎಂದಿನಂತೆ ನನ್ನ ಮೊಣಕಾಲು ತಿಕ್ಕಿದರು. ವಾರದ ಮೇಲೆ ಪ್ರಾಕ್ಟೀಸಿಗೆ ಬರುವುದು ನಿಂತಿತು.

ಪಂದ್ಯದ ದಿನ ನೋಡಿದರೆ ಭಾಲ್ಕಿ ತಂಡದ ಎಡ ಮೂಲೆಯಲ್ಲಿ ಕಾಕಾ ನಿಂತಿದ್ದರು. ನಾವು ಬಿಟ್ಟವರನ್ನು ಭಾಲ್ಕಿಯವರು ಕರೆಸಿಕೊಂಡಿದ್ದರು. ನನಗೆ ಹೆದರಿಕೆ ಆಗಲಿಲ್ಲ. ಅವರಿಂದ ನನಗೇನೂ ಆಗುವುದಿಲ್ಲ ಎಂದೇ ಒಳಗೆ ನುಗ್ಗಿದೆ. ಮೂರನೇ ರೇಡಿನಲ್ಲಿ ನನ್ನ ಬಲ ಕಣಕಾಲು ಅವರ ಕೈಗೆ ಸಿಕ್ಕಿತು. ಹಿಡಿದವರು ತಿರುವಿದರು. "ಕಾಕಾ, ಮೊಣಕಾಲು" ಎಂದೆ. ಕೇಳಿಸಿತು ಅವರಿಗೆ, ನನ್ನ ಮುಖವನ್ನೇ ನೋಡುತ್ತಿದ್ದರು. ಆದರೂ ಬಿಡಲಿಲ್ಲ. ಮೊಣಕಾಲಿನೊಳಗೆ ಏನೋ ಲಟಕ್ಕೆಂದಿತು. ಅಂಪೈರ್ ಕಾರ್ಡು ತೆಗೆಯಲಿಲ್ಲ, ಹಿಡಿತ ನಿಯಮದ ಪ್ರಕಾರವೇ ಇತ್ತಂತೆ.

ಸಿಗಬೇಕಿದ್ದ ನೌಕರಿ ಹೋಯಿತು, ಆಟವೂ ಹೋಯಿತು. ಈಗ ನೌಬಾದದ ಒಂದು ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತೇನೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೇನೆ. ನಂಬಿ ನೋವು ತೋರಿಸಿದ ಜಾಗಕ್ಕೇ ಕೈ ಹಾಕಿದರಲ್ಲ ಎಂದು ಎಂಟು ವರ್ಷ ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಪಟ್ಟಿಯ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಅವರಿಗೆ ಕಿಡ್ನಿ ಕೆಟ್ಟಿದೆ, ಇನ್ನು ಬಹಳ ದಿನವಿಲ್ಲ ಎಂದು ಸುದ್ದಿ ಬಂತು. ಅವರ ಬಾಯಿಂದ ಕ್ಷಮೆ ಕೇಳಿಸಿಕೊಂಡೇ ಬರಬೇಕೆಂದು ಎಕಂಬಾಕ್ಕೆ ಹೋದೆ. ಹೊರಸಿನ ಮೇಲೆ ಅರ್ಧ ಆಳಾಗಿ ಮಲಗಿದ್ದರು.

"ಯಾಕ ಹಾಂಗ ಮಾಡಿದ್ರಿ ಕಾಕಾ?" ಎಂದೆ.

"ಹೆಸರ ಯಾರು ತೆಗದ್ರು ಅಂತ ನನಗ ಅವತ್ತೇ ಗೊತ್ತಾಗಿತ್ತು" ಎಂದರು. "ಅದಕ್ಕ ಸಿಟ್ಟು ಬರಲಿಲ್ಲ. ವಯಸ್ಸಾಗಿತ್ತು, ಹೋಗೋದೇ ಇತ್ತು. ನೀನೇ ಬಾಯಿ ಬಿಟ್ಟು ಹೇಳ್ತಿ ಅಂತ ಎಂಟು ದಿನ ನಿನ್ನ ಕಾಲು ತಿಕ್ಕೋತ ಕುಂತೆ. ನೀ ಹೇಳಲಿಲ್ಲ."

ಆಗಲಾದರೂ ಹೇಳಬಹುದಿತ್ತು. ನಾನು ಒರಸಿಕೊಳ್ಳಲು ಏನೂ ಇಲ್ಲದ ಮುಖ ಒರಸಿಕೊಂಡು, "ಕಮಿಟಿಯವರೇ ತೆಗದಿದ್ದು ಕಾಕಾ" ಎಂದೆ. ಅವರು ಗೋಡೆಯ ಕಡೆ ಹೊರಳಿದರು.

ಮುಂದಿನ ತಿಂಗಳು ಕಾಕಾ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಹೆಂಡತಿ ಕಾಕು ನನ್ನನ್ನು ನೋಡಿ ಎದ್ದು ಬಂದರು. "ಕಮಿಟಿಯವರು ಯಾರಾದ್ರೂ ಬಂದಾರೇನಪಾ?" ಎಂದು ಕೇಳಿದರು. "ಇವರ ಹೆಸರ ತೆಗದೋರು ಅವರೇ ಅಂತ ಇವರು ಹೇಳಿದ್ರು. ನಿನಗರೆ ಎಷ್ಟು ಸಂಕಟ ಆಗಿತ್ತು ಅಂತನೂ ಹೇಳಿದ್ರು. ಅವರಿಗಿ ಎರಡು ಮಾತು ಕೇಳೋದದ."

"ಯಾರೂ ಬಂದಿಲ್ಲರಿ ಕಾಕು" ಎಂದೆ.